ಮಾಸ್ತರರ ಲಂಡನ್ ರೆಕಾರ್ಡುಗಳು

ಹೋದ ತಿಂಗಳು ಹಿರೇಕೆರೂರು ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಫೋನಿನ ಚಾರ್ಜರ್ ಚುಚ್ಚುವ ಜಾಗ ಸಡಿಲಾಗಿತ್ತು. ಅಂಗಡಿಯ ಹೆಣ್ಣುಮಗಳು ಕನ್ನಡಕ ಮೇಲೇರಿಸಿಕೊಂಡು, ತಲೆ ಬಗ್ಗಿಸಿ, ಕಾದ ಕಡ್ಡಿಯನ್ನು ಬೆಸುಗೆಗೆ ಒತ್ತಿದಳು. ರಾಳ ಸುಟ್ಟ ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು ನಾನು, ಆ ಹೊಗೆಯಲ್ಲೇ ಬದುಕಿದವನು. ಅಂಗಡಿ ಮುಚ್ಚಿದ ಮೇಲೆ ಆ ವಾಸನೆ ಮೂಗಿಗೆ ಬಿದ್ದಿರಲಿಲ್ಲ. ಬಿದ್ದಾಗ ನೆನಪಾದದ್ದು ಮಾತ್ರ ನನ್ನ ಅಂಗಡಿಯಲ್ಲ... ಮಾಸ್ತರರ ಪಡಸಾಲೆ. ಅಲ್ಲಿ ನಾನು ಹಾಕಿದ ಕೊನೆಯ ಬೆಸುಗೆ.

ಅವರು ನನಗೆ ಕಲಿಸಿದವರಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದರು. ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು. ಊರೆಲ್ಲ ಮಾಸ್ತರ ಅನ್ನುತ್ತಿತ್ತು, ನಾನೂ ಅಂದೆ. ಅಂಗಡಿ ಹಾಕಿ ಒಂದು ವರ್ಷವಾಗಿರಬೇಕು, ಒಂದು ದಿನ ಮಧ್ಯಾಹ್ನ ಸೈಕಲ್ಲಿನ ಕ್ಯಾರಿಯರಿಗೆ ಚಾದರ ಸುತ್ತಿದ ಪೆಟ್ಟಿಗೆ ಕಟ್ಟಿಕೊಂಡು, ಸೈಕಲ್ ತಳ್ಳುತ್ತಾ ಬಂದರು. ಹತ್ತಿದರೆ ಪೆಟ್ಟಿಗೆ ಕುಲುಕೀತೆಂದು ಮನೆಯಿಂದ ನಡೆದೇ ಬಂದಿದ್ದರು. ಬಿಚ್ಚಿದರೆ ಸೂಟ್‌ಕೇಸಿನಂಥ ರೆಕಾರ್ಡ್ ಪ್ಲೇಯರು. ಕೆಳಗೆ ತಟ್ಟೆ ತಿರುಗುವ ಭಾಗ, ಮೇಲಿನ ಮುಚ್ಚಳದಲ್ಲೇ ಸ್ಪೀಕರು.

"ತಟ್ಟಿ ತಿರಗತೈತ್ರಿ, ಆದ್ರ ತಾಳಾ ತಪ್ಪತೈತಿ," ಅಂದರು. "ಲಂಡನ್ನಿನ ಮಂದಿ ಕುಡದ ಬಾರಿಸಿದಂಗ ಕೇಳಸ್ತೈತಿ."

ಒಳಗಿನ ರಬ್ಬರಿನ ಗಾಲಿ ಗಟ್ಟಿಯಾಗಿತ್ತು. ಅದನ್ನು ಉಜ್ಜಿ ಸರಿ ಮಾಡಿ, ಪರೀಕ್ಷೆಗೆ ಒಂದು ರೆಕಾರ್ಡು ಕೊಡಿರಿ ಅಂದೆ. ಕೈಚೀಲದಿಂದ ಒಂದನ್ನು ತೆಗೆದು, ಅಂಚು ಮಾತ್ರ ಮುಟ್ಟಿ ಕೊಟ್ಟರು. ಸೂಜಿ ಇಟ್ಟೆ. ನಾನು ಸನಾದಿ ಕೇಳಿದ್ದೆ, ಬ್ಯಾಂಡ್ ಕೇಳಿದ್ದೆ, ರೇಡಿಯೋದಲ್ಲಿ ಎಲ್ಲ ಥರದ ಹಾಡು ಕೇಳಿದ್ದೆ. ಇದು ಯಾವುದರ ಹಾಗೂ ಇರಲಿಲ್ಲ. ನಾಲ್ಕೈದು ವಾದ್ಯ ಒಮ್ಮೆಲೇ ಮಾತಿಗೆ ಶುರುವಿಟ್ಟುಕೊಂಡಿದ್ದವು, ಆದರೆ ಯಾವುದೂ ಯಾವುದರ ಮಾತನ್ನೂ ತುಳಿಯುತ್ತಿರಲಿಲ್ಲ.

"ಏನ್ರಿ ಸರ್ರ ಇದು?"

"ಜಾಝ್ ಅಂತಾರ. ಅದೂ ಲಂಡನ್ನಿಂದು," ಅಂದರು. ಆಮೇಲೆ ನಾಚಿಕೊಂಡು, ಅದು ತಮ್ಮ ಕೈಗೆ ಹೇಗೆ ಬಂತೆಂದು ಹೇಳಿದರು.

ನೌಕರಿ ಸಿಕ್ಕ ಹೊಸದರಲ್ಲಿ ಅವರಿಗೆ ತಮ್ಮ ಇಂಗ್ಲಿಷಿನ ಬಗ್ಗೆ ಭಾರೀ ಅಂಜಿಕೆ. ದುಂಡಸಿ ಹಳ್ಳಿಯ ಹುಡುಗ, ಮನೆತನದಲ್ಲಿ ಕಾಲೇಜು ಕಂಡವರೇ ಇವರು ಮೊದಲು. ಪುಸ್ತಕದ ಇಂಗ್ಲಿಷ್ ಗೊತ್ತು, ಬಾಯಿಂದ ಹೇಗೆ ಬರಬೇಕೆಂದು ಗೊತ್ತಿಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಲಂಡನ್ ಎಂದು ಅಚ್ಚಾಗಿದ್ದ ಒಂದು ಪೆಟ್ಟಿಗೆ ರೆಕಾರ್ಡು ಕಂಡರು. ಸಾಹೇಬರ ಮಾತು ಕೇಳಿ ಉಚ್ಚಾರ ಕಲಿಯಬಹುದೆಂದು, ಹಳೆಯ ಪ್ಲೇಯರಿನ ಸಮೇತ ಕೊಂಡು ತಂದರು. ಮನೆಗೆ ಬಂದು ಒಂದೊಂದಾಗಿ ಹಾಕಿ ನೋಡಿದರೆ ಮಾತೇ ಇಲ್ಲ. ಬರೀ ಊದುವುದು, ಬಾರಿಸುವುದು.

"ಹನ್ನೊಂದ ರೆಕಾರ್ಡಿನ್ಯಾಗ ಇಂಗ್ಲಿಷ ಅಂದ್ರ ಇಷ್ಟರಿ. ಒಬ್ಬಾಂವ ಬಾರಸೂಕಿಂತ ಮೊದಲ ವನ್, ಟೂ, ಥ್ರೀ, ಫೋರ್ ಅಂತಾನ. ಅದು ನನಗ ಮೊದ್ಲ ಬರ್ತಿತ್ತು."

ವಾಪಸು ಕೊಡಲು ಹೋದರೆ ಗುಜರಿಯವನು ಒಪ್ಪಲಿಲ್ಲವಂತೆ. ಕೊಂಡ ತಪ್ಪಿಗೆ ಕೇಳಿದರು. ಕೇಳುತ್ತಾ ಕೇಳುತ್ತಾ ಅದು ಹಿಡಿದುಬಿಟ್ಟಿತು. ನಾನು ಅವರನ್ನು ಕಾಣುವ ಹೊತ್ತಿಗೆ, ದಿನಾ ಸಾಲಿ ಬಿಟ್ಟ ಮೇಲೆ ಒಂದು ರೆಕಾರ್ಡಿನ ಒಂದು ಮಗ್ಗಲು ಕೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಆಮೇಲೆ ಅವರು ಪೆಟ್ಟಿಗೆ ಹೊತ್ತು ತರಲಿಲ್ಲ, ನಾನೇ ಅವರ ಮನೆಗೆ ಹೋಗುತ್ತಿದ್ದೆ. ಹತ್ತಿ ಅಡತಿ ಅಂಗಡಿಯ ಹಿಂದಿನ ಓಣಿಯಲ್ಲಿ, ಕೊನೆಯ ಮನೆ. ಊರೊಳಗೆ ಬಾಡಿಗೆ ಮನೆ ಕೇಳಿ ಕೇಳಿ ಸಾಕಾಗಿ, ಅವರಿಗೆ ಸಿಕ್ಕಿದ್ದು ಅದು. ಯಾಕೆ ಸಿಗಲಿಲ್ಲವೆಂದು ನಾನು ಕೇಳಬೇಕಾಗಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು. ನಮ್ಮದು ವಿಭೂತಿ ಹಚ್ಚುವ, ಅಂಗಡಿ ವ್ಯಾಪಾರದ ಮನೆ. ಮೊದಲ ಸಲ ಹೊರಟಾಗಲೇ ನಮ್ಮವ್ವ ಹೇಳಿದ್ದಳು, "ಕೆಲಸಾ ಮಾಡಿ ಬಾ. ನೀರು ಗೀರು ಮುಟ್ಟಬ್ಯಾಡ."

ಮಾಸ್ತರರ ಹೆಂಡತಿಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಹಾನಗಲ್ಲ ಕಡೆಯವರು. ಬಾಯಲ್ಲಿ ಯಾವಾಗಲೂ ಸವಣೂರಿನ ವೀಳ್ಯದೆಲೆ. ಅವರು ಚಹಾ ತಂದಾಗೆಲ್ಲ ನಾನು, "ಈಗ ಕುಡದ ಬಂದೇನ್ರಿ" ಅನ್ನುತ್ತಿದ್ದೆ. ಒಂದು ಸಲವಲ್ಲ, ಎರಡು ಸಲವಲ್ಲ... ನಾಲ್ಕು ವರ್ಷ. ಮಾಸ್ತರರು ರೆಕಾರ್ಡು ಒರೆಸುತ್ತಾ ಕೂತಿರುತ್ತಿದ್ದರು. ಒಂದು ದಿನ ಅಕ್ಕಾರು ಅಡಿಗೆಮನೆಯ ಬಾಗಿಲಲ್ಲಿ ನಿಂತು, ನಗುತ್ತಲೇ ಕೇಳಿದರು.

"ಚಾ ಇಡ್ಲೇನ್ರಿ, ಇಲ್ಲಾ ಇವತ್ತೂ ಕುಡದ ಬಂದೀರೇನು?"

ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. "ಇಡ್ರಿ ಅಕ್ಕಾರ," ಅಂದೆ. ಕುಡಿದೆ. ಅಲ್ಲಿಯವರೆಗೆ ನನಗೆ ಬರ್ರಿ, ಹೋಗ್ರಿ ಅನ್ನುತ್ತಿದ್ದ ಮಾಸ್ತರರು ಅವತ್ತು ನಾನು ಎದ್ದು ಹೊರಟಾಗ, "ನಾಳಿಗೂ ಬಾ ತಮ್ಮಾ, ಸುಮ್ನ ಕೇಳಾಕ ಬಾ," ಅಂದರು.

ಹಾಗೆ ಸುಮ್ಮನೆ ಕೇಳಲು ಹೋಗತೊಡಗಿದೆ. ಮೊದಮೊದಲು ನನ್ನ ಕಿವಿ ರಿಪೇರಿಯವನದೇ: ಎಲ್ಲಿ ಗುಂಯ್ ಅನ್ನುತ್ತದೆ, ಎಲ್ಲಿ ಸೂಜಿ ಕೆರೆಯುತ್ತದೆ. ನಿಧಾನಕ್ಕೆ ಅದರ ಹಿಂದಿನದು ಕೇಳಿಸಿತು. ಒಂದು ರೆಕಾರ್ಡಿನಲ್ಲಿ ಕ್ಲಾರ್ನೆಟ್ಟಿನವನು ಒಬ್ಬನೇ ಶುರು ಮಾಡುತ್ತಾನೆ, ಗೊತ್ತಿಲ್ಲದ ಊರಿನಲ್ಲಿ ಮನೆ ಹುಡುಕುತ್ತ ನಡೆದವನ ಹಾಗೆ. ಆಮೇಲೆ ಒಬ್ಬೊಬ್ಬರೇ ಜೊತೆಯಾಗುತ್ತಾರೆ. ಇನ್ನೊಂದನ್ನು ಯಾವುದೋ ಹಾಲಿನಲ್ಲಿ ಜನರ ಎದುರಿಗೇ ಮುದ್ರಿಸಿದ್ದರು. ಶುರುವಾಗುವ ಮುನ್ನ ಯಾರೋ ಕೆಮ್ಮುತ್ತಾರೆ, ಗ್ಲಾಸಿನ ಸದ್ದಾಗುತ್ತದೆ. ಮಾಸ್ತರರಿಗೆ ಆ ಕೆಮ್ಮೆಂದರೆ ಬಲು ಪ್ರೀತಿ. "ಈ ಕೆಮ್ಮಿದಾಂವ ಈಗ ಎಲ್ಲಿ ಅದಾನೋ. ತನ್ನ ಕೆಮ್ಮ ಹಿರೇಕೆರೂರಾಗ ಕೇಳಾಕತ್ತಾರ ಅಂತ ಅವಗ ಹ್ಯಾಂಗ ಗೊತ್ತಾಗಬೇಕು," ಅನ್ನುತ್ತಿದ್ದರು.

ಇದರಲ್ಲಿ ನಿಮಗೆ ಏನು ಹಿಡಿಸಿತೆಂದು ಒಮ್ಮೆ ಕೇಳಿದೆ.

"ಭಜನಿಯೊಳಗ ಒಬ್ಬಾಂವ ಹೇಳ್ತಾನ, ಉಳದವರು ಅಂತಾರ. ಇದರಾಗ ಎಲ್ಲಾರೂ ಹೇಳ್ತಾರ, ಎಲ್ಲಾರೂ ಕೇಳ್ತಾರ. ಅಂಥಾ ಜಾಗಾ ನಾ ಎಲ್ಲೂ ಕಂಡಿಲ್ಲಪಾ."

ಅಕ್ಕಾರಿಗೆ ಆ ಸಂಗೀತ ಕಂಡರಾಗದು. ಅಕ್ಕಿ ಹಸನು ಮಾಡುತ್ತಾ, ಶೇಂಗಾ ಸುಲಿಯುತ್ತಾ, ಅಲ್ಲೇ ಕೂತು ಬೈಯುತ್ತಿದ್ದರು. ಪ್ರತಿ ವಾದ್ಯಕ್ಕೂ ಒಂದೊಂದು ಹೆಸರಿಟ್ಟಿದ್ದರು. ಟ್ರಂಪೆಟ್ಟಿಗೆ ಒದರುವ ಕತ್ತಿ, ಟ್ರಾಂಬೋನಿಗೆ ಎಮ್ಮಿ, ಕ್ಲಾರ್ನೆಟ್ಟಿಗೆ ಸಾಲಿ ಬಿಟ್ಟ ಹುಡುಗ್ಯಾರು. ಡ್ರಮ್ಮೆಂದರೆ ರೊಟ್ಟಿ ಬಡಿಯುವುದು. "ಬಂತ ನೋಡ್ರಿ ನಿಮ್ಮ ಎಮ್ಮಿ," ಅನ್ನುತ್ತಿದ್ದರು, ಅದು ಬರುವ ಒಂದು ಕ್ಷಣ ಮೊದಲೇ. ಕಂಡರಾಗದ ಹನ್ನೊಂದೂ ರೆಕಾರ್ಡು ಅವರಿಗೆ ಬಾಯಿಪಾಠವಾಗಿದ್ದವು. ಮಕ್ಕಳಿರಲಿಲ್ಲ. ಸಂಜೆಗಳು ಉದ್ದವಿದ್ದವು...

ಮಾಸ್ತರರ ಕಿವಿ ಹೋಗತೊಡಗಿದ್ದು ಯಾವಾಗೆಂದು ಸರಿಯಾಗಿ ಹೇಳಲಾರೆ. ಮೊದಲು ತಿಳಿದದ್ದು ಅವರ ಹುಡುಗರಿಗೆ. ಕ್ಲಾಸಿನಲ್ಲಿ ಬಾಯಿ ಮಾತ್ರ ಆಡಿಸಿ, ದನಿ ತೆಗೆಯದೆ ಉತ್ತರ ಹೇಳುತ್ತಿದ್ದರಂತೆ. ಮಾಸ್ತರರು ಕಿವಿಗೆ ಕೈ ಹಚ್ಚಿ ಹತ್ತಿರ ಬಗ್ಗಿದರೆ ಕ್ಲಾಸೆಲ್ಲ ನಗುತ್ತಿತ್ತು. ಇದನ್ನು ಅವರೇ ನನಗೆ ಹೇಳಿದರು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. ಹುಬ್ಬಳ್ಳಿಯ ದೊಡ್ಡ ಡಾಕ್ಟರು ನೋಡಿ, ನರ ಒಣಗುತ್ತಿವೆ, ಇದಕ್ಕೆ ಔಷಧವಿಲ್ಲ ಅಂದರು. ಕಿವಿಗೆ ಮಷೀನು ಹಾಕಿಸಿಕೊಂಡು ಬಂದರು. ಮನೆಗೆ ಬಂದವರೇ ಮೊದಲು ರೆಕಾರ್ಡು ಹಾಕಿದರು, ಅರ್ಧ ನಿಮಿಷಕ್ಕೆ ಮಷೀನು ಕಿತ್ತು ಮೇಜಿನ ಮೇಲಿಟ್ಟರು. "ಎಣ್ಣಿ ಡಬ್ಬಿಯೊಳಗ ಹರಳ ಹಾಕಿ ಅಳ್ಳಾಡಿಸಿದಂಗ ಆಗತೈತಿ," ಅಂದರು. ಮತ್ತೆ ಹಾಕಿಕೊಳ್ಳಲಿಲ್ಲ. ಪೂರ್ತಿ ಅವಧಿಗಿಂತ ಆರು ವರ್ಷ ಮೊದಲೇ ನೌಕರಿ ಬಿಟ್ಟರು.

ಆ ದಿನಗಳಲ್ಲಿ ಒಮ್ಮೆ ನನ್ನ ಅಂಗಡಿಗೆ ಬಂದು, ಬಿಚ್ಚಿಟ್ಟ ರೇಡಿಯೋಗಳ ನಡುವೆ ಬಹಳ ಹೊತ್ತು ಕೂತರು. ಹೊರಡುವಾಗ ತಮ್ಮ ಕಿವಿ ಮುಟ್ಟಿ ತೋರಿಸಿದರು.

"ಎಂಥೆಂಥಾ ಸತ್ತ ರೇಡಿಯೋ ಮಾತಾಡಸ್ತಿ. ಇದನ್ನಷ್ಟ ನೋಡಾಕ ಆಗೂದಿಲ್ಲೇನೋ ತಮ್ಮಾ?"

ನಾನು ನಕ್ಕೆ. ಅವರು ನಗಲಿಲ್ಲ.

ಎರಡು ವರ್ಷದಲ್ಲಿ ಎಲ್ಲ ಹೋಯಿತು. ಬಾಗಿಲು ಬಡಿದರೆ ಕೇಳದು, ಗುಡುಗು ಕೇಳದು. ಮಾತಿಗೆ ಮನೆಯಲ್ಲಿ ಒಂದು ಪಾಟಿ, ಬಳಪ ಇಟ್ಟರು. ನಾವು ಬರೆಯುವುದು, ಅವರು ಓದಿ ಬಾಯಿಂದ ಹೇಳುವುದು. ಇನ್ನು ರೆಕಾರ್ಡಿನ ಕತೆ ಮುಗಿಯಿತೆಂದುಕೊಂಡಿದ್ದೆ. ಆದರೆ ಒಂದು ಸಂಜೆ ಓಣಿಯಲ್ಲಿ ಹಾಯ್ದು ಹೋಗುವಾಗ ಅದೇ ಕ್ಲಾರ್ನೆಟ್ಟು ಕೇಳಿಸಿತು. ಒಳಗೆ ಹೋದೆ.

ಇಬ್ಬರೂ ಪಡಸಾಲೆಯಲ್ಲಿ ಚಾಪೆಯ ಮೇಲೆ ಎದುರುಬದರು ಕೂತಿದ್ದರು. ಮಾಸ್ತರರ ಎಡಗೈ ಬಿಚ್ಚಿಕೊಂಡು ಅಕ್ಕಾರ ತೊಡೆಯ ಮೇಲಿತ್ತು. ಆ ಅಂಗೈಯಲ್ಲಿ ಅಕ್ಕಾರು ರೆಕಾರ್ಡು ಬಾರಿಸುತ್ತಿದ್ದರು. ಕತ್ತಿ ಬಂದರೆ ಹೆಬ್ಬೆರಳಿನಿಂದ ನಡುವೆ ಒತ್ತುವುದು. ಎಮ್ಮಿ ಬಂದರೆ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಇಡೀ ಕೈ ಎಳೆಯುವುದು. ಹುಡುಗ್ಯಾರು ಬಂದರೆ ಬೆರಳ ತುದಿಗಳ ಓಡಾಟ. ರೊಟ್ಟಿ ಬಡಿಯುವುದು ಮಾತ್ರ ಇನ್ನೊಂದು ಕೈಯಿಂದ, ಮಾಸ್ತರರ ಮೊಣಕಾಲ ಮೇಲೆ, ಒಂದೇ ಸಮನೆ. ಮಾಸ್ತರರು ಕಣ್ಣು ಮುಚ್ಚಿದ್ದರು. ಕೆಮ್ಮಿನ ರೆಕಾರ್ಡು ಹಾಕಿದಾಗ ಅಕ್ಕಾರು ಅವರ ಅಂಗೈಗೆ ಬಾಯಿ ಹಚ್ಚಿ ಮೆಲ್ಲಗೆ ಕೆಮ್ಮಿದರು. ಮಾಸ್ತರರ ಮುಖ ಅರಳಿದ್ದನ್ನು ಕಂಡು ನಾನು ಬಾಗಿಲಲ್ಲೇ ತಿರುಗಿ ಹೊರಗೆ ಬಂದೆ. ಅಲ್ಲಿ ನಿಲ್ಲಬಾರದು ಅನ್ನಿಸಿತ್ತು.

ಮುಂದೊಮ್ಮೆ ಅಕ್ಕಾರನ್ನು ಕೇಳಿದೆ, ನಿಮಗೆ ಅದು ಸೇರುತ್ತಿರಲಿಲ್ಲವಲ್ಲ ಎಂದು.

"ಈಗೂ ಸೇರೂದಿಲ್ಲ," ಅಂದರು. "ಆದ್ರ ನಾ ಕೇಳ್ಲಿಲ್ಲಂದ್ರ ಅವ್ರಿಗೆ ಯಾರು ಕೇಳಸ್ತಾರು?"

ಹೀಗೆ ನಾಲ್ಕು ವರ್ಷ ನಡೆಯಿತು. ಒಂದು ಮಳೆಗಾಲ ಅಕ್ಕಾರಿಗೆ ಜ್ವರ ಬಂತು. ಹಾವೇರಿಗೆ ಕರೆದುಕೊಂಡು ಹೋದೆವು. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು. ಮಾಸ್ತರರು ಅಳಲಿಲ್ಲ. ಮಣ್ಣಿಗೆ ಹೋಗಿ ಬಂದ ಮೇಲೆ ಪಡಸಾಲೆಯಲ್ಲಿ ಕೂತು, ತಮ್ಮ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಿದ್ದರು, ಗಾಳಿ ತಾಗದ ಹಾಗೆ.

ಆಮೇಲೆ ನಾನು ಆ ಮನೆಗೆ ಹೋಗುವುದು ಕಡಿಮೆಯಾಯಿತು. ಕೆಲಸವಿತ್ತು ಎಂದು ಹೇಳಬಹುದು. ಟೀವಿಗಳ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಖರೆ ಅಂದರೆ, ಆ ಪಾಟಿಯ ಮೇಲೆ ಏನು ಬರೆಯಬೇಕೋ ನನಗೆ ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ರೊಟ್ಟಿ, ಪಲ್ಯ ಕಟ್ಟಿಕೊಟ್ಟರೆ ಬಾಗಿಲಲ್ಲೇ ಕೊಟ್ಟು ಬರುತ್ತಿದ್ದೆ. ಮೂರು ತಿಂಗಳಾಗಿರಬಹುದು. ಓಣಿಯ ಬಾಯಲ್ಲಿ ಎಣ್ಣೆ ಮಾರುವ ಮುದುಕಿ ಅಂದಳು, "ಮಾಸ್ತರ ಮನ್ಯಾಗ ಈಗ ಸಪ್ಪಳನ ಇಲ್ಲಪಾ. ಎರಡ ತಿಂಗಳಾತು. ಆಕಿ ಇದ್ದಾಗ ಮನಿ ಮನಿಯಂಗ ಇತ್ತು."

ಅವತ್ತು ಒಳಗೆ ಹೋದೆ. ಬಾಗಿಲು ತೆರೆದೇ ಇತ್ತು. ಪ್ಲೇಯರಿನ ಮುಚ್ಚಳ ಎದ್ದಿತ್ತು, ರೆಕಾರ್ಡು ತಿರುಗುತ್ತಿತ್ತು, ಸೂಜಿ ಅದರ ಮೇಲಿತ್ತು. ಮಾಸ್ತರರ ಬಲಗೈ ಪೆಟ್ಟಿಗೆಯ ಮೇಲೆ. ಎಡಗೈ ತಮ್ಮ ತೊಡೆಯ ಮೇಲೆ ಅಂಗಾತ, ಅದರ ಬೆರಳು ತಾವೇ ಅಲುಗುತ್ತಿದ್ದವು. ಮನೆಯೊಳಗೆ ಒಂದು ಚೂರೂ ದನಿ ಇರಲಿಲ್ಲ.

ಹತ್ತಿರ ಹೋಗಿ ಬಗ್ಗಿದೆ. ಸೂಜಿಯ ಬುಡದಲ್ಲಿ, ಸೊಳ್ಳೆಯಷ್ಟು ಸಣ್ಣಗೆ, ಕ್ಲಾರ್ನೆಟ್ಟು ಇತ್ತು. ಸ್ಪೀಕರು ಸತ್ತಿತ್ತು. ದಿನಾ ತೆಗೆದು ಮುಚ್ಚಿ, ಮುಚ್ಚಳದ ಕೀಲಿನಲ್ಲಿ ಹಾಯುವ ತಂತಿ ಕಡಿದಿತ್ತು. ಆದರೂ ಅವರ ಬೆರಳು ತಾಳ ತಪ್ಪಿರಲಿಲ್ಲ. ಕಣ್ಣು ಬಿಟ್ಟುಕೊಂಡು ಸೂಜಿಯನ್ನೇ ನೋಡುತ್ತಿದ್ದರು. ಅದು ಎಲ್ಲಿಗೆ ಬಂದರೆ ಯಾರು ಬರುತ್ತಾರೆ ಎಂಬುದನ್ನು ಕಣ್ಣಿನಿಂದ ಓದುತ್ತಿದ್ದರು.

ನನ್ನನ್ನು ನೋಡಿ ನಕ್ಕರು. ಅಕ್ಕಾರು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಬಾ ತಮ್ಮಾ, ಕುಂದ್ರು. ಪೆಟಗಿ ಮ್ಯಾಲೆ ಕೈ ಇಟ್ರ ಛಲೋ ಗೊತ್ತಾಗತೈತಿ. ಎಮ್ಮಿ ಬಂದಾಗ ಇಲ್ಲಿ ನಡಗತೈತಿ ನೋಡು. ಆಕಿ ಹೋದ್ಲು, ಇದಾದ್ರೂ ಉಳೀತು."

ಅದು ಮೋಟಾರಿನ ನಡುಕ. ರೆಕಾರ್ಡಿದ್ದರೂ ಇಲ್ಲದಿದ್ದರೂ ಅದು ಹಾಗೇ ನಡುಗುತ್ತದೆ.

ನಾನು ಏನು ಮಾಡಬಹುದಿತ್ತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಎಣ್ಣೆ ಬಿಡುತ್ತೇನೆ ಎಂದು ಬರೆದು ಸುಮ್ಮನೆ ತಂತಿ ಕೂಡಿಸಬಹುದಿತ್ತು. ಏನೂ ಮಾಡದೆ ಕೂತು, ರೆಕಾರ್ಡು ಮುಗಿಯುವವರೆಗೆ ತಲೆ ಆಡಿಸಿ ಎದ್ದು ಬರಬಹುದಿತ್ತು. ನಾನು ರಿಪೇರಿಯವನು. ಕೆಟ್ಟದ್ದನ್ನು ಕಂಡರೆ ಕೆಟ್ಟಿದೆ ಎಂದು ಹೇಳಿ ಕೈ ಹಾಕುವುದೇ ನನ್ನ ರೂಢಿ. ಗಿರಾಕಿಗೆ ಹೇಳಿದ ಹಾಗೆ ಪಾಟಿಯ ಮೇಲೆ ಬರೆದೆ: "ಸ್ಪೀಕರ್ ತಂತಿ ಕಡಿದಿದೆ. ಎರಡು ತಿಂಗಳಿಂದ ದನಿ ಬರುತ್ತಿಲ್ಲ. ಹತ್ತು ನಿಮಿಷದಲ್ಲಿ ಸರಿ ಮಾಡುತ್ತೇನೆ."

ಓದಿದರು. ಯಾವಾಗಲೂ ಪಾಟಿಯ ಮೇಲಿದ್ದುದನ್ನು ಬಾಯಿಬಿಟ್ಟು ಓದುವವರು, ಅವತ್ತು ಓದಲಿಲ್ಲ. ಪೆಟ್ಟಿಗೆಯ ಮೇಲಿದ್ದ ಕೈ ತೆಗೆದರು. ಅವರ ಮುಖ ನೋಡಿದಾಗಲೇ ನಾನು ಏನು ಮಾಡಿದೆನೆಂದು ನನಗೆ ತಿಳಿಯಿತು... ಆದರೆ ಅಷ್ಟರಲ್ಲಿ ಬರೆದಾಗಿತ್ತು. ಸರಿ ಮಾಡಿಬಿಟ್ಟರೆ ಎಲ್ಲ ಸರಿಯಾದೀತೆಂದು ಅಂಗಡಿಗೆ ಓಡಿದೆ, ಸಾಮಾನು ತಂದೆ. ಬೆಸುಗೆ ಎರಡು ಸಲ ಬಿಟ್ಟಿತು. ಮೂರನೆಯ ಸಲ ಹಿಡಿಯಿತು. ಸೂಜಿ ಇಟ್ಟೆ.

ದನಿ ಪಡಸಾಲೆ ತುಂಬ ಎದ್ದಿತು, ಜೊತೆಗೆ ಕರಕರವೂ. ಹೊರಗೆ ಹೋಗುತ್ತಿದ್ದವರು ನಿಂತು ನೋಡಿದರು. ಮಾಸ್ತರರು ಕೈಯನ್ನು ಮತ್ತೆ ಪೆಟ್ಟಿಗೆಯ ಮೇಲಿಟ್ಟರು. ಬಹಳ ಹೊತ್ತು ಇಟ್ಟುಕೊಂಡಿದ್ದರು, ಡಾಕ್ಟರು ನಾಡಿ ಹಿಡಿದ ಹಾಗೆ.

"ಈಗ ಬರಾಕತ್ತೈತೇನು?"

ತಲೆ ಆಡಿಸಿದೆ.

"ಮದ್ಲಿಗೂ ಈಗಿಗೂ ಏನೂ ಫರಕ ಇಲ್ಲಲ್ಲೋ ತಮ್ಮಾ."

ತಾವೇ ಸೂಜಿ ಎತ್ತಿ ಬದಿಗಿಟ್ಟರು. ಮುಚ್ಚಳ ಹಾಕಿದರು. "ಚಾ ಕುಡೀತೀಯೇನು?" ಅಂದರು. ಮಾಡಲು ಎದ್ದರು, ಒಲೆಯ ಹತ್ತಿರ ಹೋಗಿ ಯಾಕೆ ಬಂದೆನೆಂಬುದು ಮರೆತವರ ಹಾಗೆ ನಿಂತುಬಿಟ್ಟರು. ನಾನೇ ಮಾಡಿದೆ. ಇಬ್ಬರೂ ಕುಡಿದೆವು.

ಅವರು ಮತ್ತೆ ರೆಕಾರ್ಡು ಹಾಕಲಿಲ್ಲ. ಆಮೇಲೆ ನಾನು ದಿನಾ ಹೋದೆ, ಬೇಡಿಕೊಂಡೆ, ಪಾಟಿ ತುಂಬ ಬರೆದೆ. ಅವರ ಅಂಗೈ ಹಿಡಿದು ಅಕ್ಕಾರ ಹಾಗೆ ಒತ್ತಲು ಒಮ್ಮೆ ನೋಡಿದೆ. ಮೆಲ್ಲಗೆ ಕೈ ಬಿಡಿಸಿಕೊಂಡರು. "ನಿನಗ ಬರೂದಿಲ್ಲ, ಬಿಡು," ಅಂದರು. ಎರಡು ತಿಂಗಳಿಗೆ ದುಂಡಸಿಯಿಂದ ಅವರ ಅಣ್ಣನ ಮಗ ಬಂದು ಕರೆದುಕೊಂಡು ಹೋದ. ಹೊರಡುವ ದಿನ ಪೆಟ್ಟಿಗೆ, ರೆಕಾರ್ಡು ಎಲ್ಲ ನನ್ನ ಅಂಗಡಿಗೆ ಕಳಿಸಿದರು. ಕಿವಿ ಇದ್ದವನು ಇಟ್ಟುಕೊಳ್ಳಲಿ ಅಂದರಂತೆ.

ದುಂಡಸಿಯಲ್ಲಿ ಅವರು ಹದಿನಾಲ್ಕು ತಿಂಗಳು ಬದುಕಿದ್ದರು. ಶಿಗ್ಗಾವಿಗೆ ಹೋಗಿ ಬಸ್ಸು ಬದಲಿಸಿದರೆ ಮುಗಿಯಿತು, ದೂರದ ಹಾದಿಯೇನಲ್ಲ. ನಾನು ಒಂದು ಸಲವೂ ಹೋಗಲಿಲ್ಲ. ತೀರಿಕೊಂಡ ಸುದ್ದಿಯೂ ತಡವಾಗಿ ಬಂತು. ಬಂದ ದಿನ ಪೆಟ್ಟಿಗೆ ತೆಗೆದು ಒಂದು ರೆಕಾರ್ಡು ಹಾಕಿದೆ. ಕರಕರದ ಅಡಿಯಲ್ಲಿ ದನಿ ಹೂತುಹೋಗಿತ್ತು. ಇನ್ನೊಂದು ಹಾಕಿದೆ, ಅದೂ ಹಾಗೇ. ಸವೆದ ಸೂಜಿಯಲ್ಲಿ, ಹಗಲೆಲ್ಲ, ಎರಡು ತಿಂಗಳು ಅವರು ಕೇಳಿದ ಕೇಳುವಿಕೆ ಅಷ್ಟೂ ಗೆರೆಗಳನ್ನು ಉತ್ತು ಹಾಕಿತ್ತು. ಹನ್ನೊಂದರಲ್ಲಿ ಒಂದೂ ನೆಟ್ಟಗೆ ಉಳಿದಿರಲಿಲ್ಲ.

ಮೊಬೈಲ್ ಅಂಗಡಿಯ ಆ ಹೊಗೆ ಮೂಗಿಗೆ ಬಂದ ಮೇಲೆ ನನಗೆ ಕೂಡ್ರಲಾಗಲಿಲ್ಲ. ಹೋದ ವಾರ, ಇಷ್ಟು ವರ್ಷದ ನಂತರ, ದುಂಡಸಿಗೆ ಹೋದೆ. ಅಣ್ಣನ ಮಗ ಗುರುತು ಹಿಡಿದ. ಅವನಿಗೂ ತಲೆ ಬೆಳ್ಳಗಾಗಿದೆ. ಮಾಸ್ತರರನ್ನು ಎಲ್ಲಿ ಮಣ್ಣು ಮಾಡಿದ್ದೀರಿ ಎಂದು ಕೇಳಿದೆ, ಹೊಲಕ್ಕೆ ಕರೆದುಕೊಂಡು ಹೋದ. ಎದೆಯೆತ್ತರ ಗೋವಿನಜೋಳ ನಿಂತಿತ್ತು.

"ಈ ಕಡೀಗೆ ಎಲ್ಲೋ ಬರತೈತ್ರಿ," ಅಂದ. "ಟ್ರ್ಯಾಕ್ಟರ್ ಹೊಡ್ದು ಹೊಡ್ದು ಗುರ್ತಾ ಉಳದಿಲ್ಲ."

ಕೊನೆಗೆ ಕೇಳಿಯೇ ಬಿಟ್ಟೆ, ಯಾವಾಗಾದರೂ ನನ್ನ ಸುದ್ದಿ ತೆಗೆದಿದ್ದರೇನು ಎಂದು.

ಅವನು ನೆನಪು ಮಾಡಿಕೊಂಡ. "ಒಂದ ಸಲ ತಗದಿದ್ರ ನೋಡ್ರಿ. ಊಟಕ್ಕ ಕುಂತಾಗ. ರೇಡಿಯೋದಾಂವ ಖರೇ ಹೇಳಿದ, ಅಂದ್ರು."

"ಮತ್ತೇನಂದ್ರು?"

"ಅಷ್ಟರಿ. ಊಟಾ ಬಿಟ್ಟ ಎದ್ರು."

ಮರಳಿ ಬರುವ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಶಿಗ್ಗಾವಿಯವರೆಗೆ ನಿಂತೇ ಬಂದೆ.